ಒಂದು ಸ್ಕ್ರೂ ಕಡಿಮೆ

ಡಿಸೆಂಬರ್ ಇಪ್ಪತ್ತೆರಡು. ಸುಂಟಿಕೊಪ್ಪದಲ್ಲಿ ಆರಕ್ಕೇ ಕತ್ತಲು.
ನಲವತ್ತೇಳು ಕಿಲೋ ಚೆರಿ ಎಲ್ಲಿ ಹೋಯಿತೆಂದು
ಮೂರು ದಿನದಿಂದ ಹುಡುಕುತ್ತಿದ್ದೇನೆ.
ತೂಕದ ಚೀಟಿಯಲ್ಲಿದೆ, ಗೋಡೌನಿನ ಪುಸ್ತಕದಲ್ಲಿಲ್ಲ.
ಅಥವಾ ಅಲ್ಲಿದೆ, ಇಲ್ಲಿಲ್ಲ. ಈಗೀಗ ನನಗೂ ಗೊತ್ತಾಗುವುದಿಲ್ಲ.

"ವರ್ಷ ಮುಗಿಯುವುದರೊಳಗೆ ಟ್ಯಾಲಿ ಆಗಬೇಕು, ಪ್ರೆಸಿಲ್ಲ"
ಎನ್ನುತ್ತಾರೆ ಮಾದಯ್ಯನವರು.
ಕಣ್ಣು ನನ್ನ ರಜಾ ಅರ್ಜಿಯ ಮೇಲೆ,
ಕೈ ಅದರ ಮೇಲಿನ ಪೇಪರ್‌ವೇಟಿನ ಮೇಲೆ.
ಬೆಳಿಗ್ಗೆ ಆನೆ ಬಂತೆಂದು ತೋಟದ ಜನ ಬರಲಿಲ್ಲ.
ಜನ ಬರಲಿಲ್ಲವೆಂದು ಲಾರಿ ನಿಂತಿತು.
ಲಾರಿ ನಿಂತಿತೆಂದು ಬೈಗುಳ ಫೋನು ಹತ್ತಿ ಬಂದು
ನನ್ನ ಕಿವಿಯಲ್ಲಿ ಇಳಿಯಿತು.
ಆನೆಗೆ ಯಾರೂ ಫೋನ್ ಮಾಡುವುದಿಲ್ಲ.

ಮನೆಗೆ ಬಂದವಳು ಚಹಾಕ್ಕೂ ಕಾಯದೆ
ಪೆಟ್ಟಿಗೆಯ ಮಗ್ಗುಲು ಬಿಚ್ಚಿದೆ.
ಎಂಟುನೂರಕ್ಕೆ ಆಫೀಸು ಮಾರಿದ ಕಂಪ್ಯೂಟರು.
ಬೆನ್ನ ಮೇಲೆ ಬಿಳಿ ಪೇಂಟಿನ ನಂಬರು ಇನ್ನೂ ಇದೆ.
ಅಲ್ಲಿ ಒಂದು ದಿನವೂ ನನ್ನ ಮಾತು ಕೇಳಿದ್ದಲ್ಲ,
ಇಲ್ಲಿ ಅಡ್ಡಬಿದ್ದು ಹೊಟ್ಟೆ ತೋರಿಸುತ್ತದೆ.

ಹೊಟ್ಟೆಯ ತುಂಬ ಕಾಫಿ ಸಿಪ್ಪೆಯ ಪುಡಿ,
ಯಾರದೋ ನರೆಗೂದಲು, ಒಣಗಿದ ಒಂದು ಜೇಡ.
ಪೇಂಟ್ ಬ್ರಷ್ಷಿನಲ್ಲಿ ಫ್ಯಾನಿನ ಎಸಳೆಸಳು ಒರೆಸಿದೆ.
ರ‍್ಯಾಮಿನ ಚಿನ್ನದ ಹಲ್ಲುಗಳನ್ನು
ಶಾಲೆ ಮಕ್ಕಳ ರಬ್ಬರಿನಿಂದ ತಿಕ್ಕಿದೆ.
ಸತ್ತ ಡಿಸ್ಕು ಕಿತ್ತು, ಕುಶಾಲನಗರದಿಂದ ತಂದ ಹೊಸದನ್ನು ಕೂರಿಸಿದೆ.
ಸ್ಟೀಲ್ ಬಟ್ಟಲಲ್ಲಿ ಹನ್ನೊಂದು ಸ್ಕ್ರೂ.
ಎಣಿಸಿಯೇ ಇಟ್ಟಿದ್ದೆ. ಎಣಿಸುವುದೇ ನನ್ನ ಕಸುಬು.

ಅದೇ ಮೇಜಿನ ಆಚೆ ತುದಿಯಲ್ಲಿ ಅಮ್ಮ ಕುಸ್ವಾರಿಗೆ ಕೂತಿದ್ದಳು.
ಹಿಟ್ಟಿನ ಗೋಲಿಯನ್ನು ಹೊಸ ಬಾಚಣಿಗೆಯ ಮೇಲೊತ್ತಿ
ಸುರುಳಿ ಸುತ್ತಿದರೆ ಒಂದು ಕಿಡಿಯೊ.
"ನಿನ್ನ ಕಬ್ಬಿಣದ ಅಂಗಡಿ ಆಚೆ ತಳ್ಳು" ಎಂದಳು.
ತಳ್ಳಿದೆ. ಬಟ್ಟಲು ಒಮ್ಮೆ ಓಲಾಡಿ ನಿಂತಿತು, ಅಷ್ಟೇ.
ಅವಳು ಕರಿಯುತ್ತ ಹೋದಳು, ನಾನು ತಂತಿ ಜೋಡಿಸುತ್ತ.

ಹತ್ತೂವರೆಗೆ ಮುಚ್ಚಲು ಹೋದಾಗ
ಹತ್ತು.
ಮತ್ತೆ ಎಣಿಸಿದೆ. ಹತ್ತು.
ಮಂಡಿಯೂರಿ, ಟಾರ್ಚ್ ಬಿಟ್ಟು, ಮೇಜಿನಡಿ ತಡಕಿದೆ,
ನಲವತ್ತೇಳು ಕಿಲೋ ಹುಡುಕಿದಾಗಿನ ಅದೇ ಬೆನ್ನುನೋವು.
ಅಮ್ಮನ ಕೈ ಜಾಲರಿಯ ಮೇಲೆ ನಿಂತಿತು.
ಇಬ್ಬರೂ ಕರಿದ ರಾಶಿಯನ್ನು ನೋಡಿದೆವು.
"ಇದರಲ್ಲೊಂದು ತಟ್ಟೆ ನಿಮ್ಮ ಮಾದಯ್ಯನವರಿಗಲ್ಲವಾ?"
ಅವರು ಹೋದ ತಿಂಗಳಷ್ಟೇ ವಿರಾಜಪೇಟೆಗೆ ಹೋಗಿ
ಹೊಸ ಹಲ್ಲು ಕಟ್ಟಿಸಿಕೊಂಡಿದ್ದಾರೆ.

ಸತ್ತ ಡಿಸ್ಕಿನ ಎದೆ ಬಿಚ್ಚಿ ಅಯಸ್ಕಾಂತ ತೆಗೆದೆ.
ಕಿತ್ತಳೆ ತೊಳೆಯ ಆಕಾರ, ಹಿಡಿದರೆ ಬಿಡದ ಹಟ.
ನೂಲಿಗೆ ಕಟ್ಟಿ ತಟ್ಟೆಗಳ ಮೇಲೆ ಮೆಲ್ಲಗೆ ತೂಗಿದೆ.
"ಫಾದರ್ ಧೂಪ ಹಾಕಿದ ಹಾಗೆ" ಎಂದು ಅಮ್ಮ
ಶಿಲುಬೆಯ ಗುರುತು ಹಾಕಿಕೊಂಡಳು, ತಮಾಷೆಗೋ ನಿಜಕ್ಕೋ.
ಮೊದಲ ತಟ್ಟೆ, ಏನಿಲ್ಲ.
ಎರಡನೆಯದು, ಏನಿಲ್ಲ.
ಮೇಜಿನ ಬಿರುಕಿನಿಂದ ಒಂದು ಹೇರ್‌ಪಿನ್ನು ಜಿಗಿದು ಬಂತು.
ಬೆನ್ನಿಗೇ ಒಂದು ಸೂಜಿ,
ಅಣ್ಣನ ಮದುವೆಯ ರವಿಕೆ ಹೊಲಿಯುವಾಗ ಕಳೆದದ್ದು.
ಅದಕ್ಕಾಗಿ ನಾವಿಬ್ಬರು ಎರಡು ದಿನ ಮಾತು ಬಿಟ್ಟಿದ್ದೆವು.
ಸ್ಕ್ರೂ ಬರಲಿಲ್ಲ.

ಹತ್ತರಲ್ಲೇ ಮುಚ್ಚಿ ಗುಂಡಿ ಒತ್ತಿದೆ.
ಒಂದು ಬೀಪ್. ಫ್ಯಾನು ಕೆಮ್ಮಿತು, ಆಮೇಲೆ ಸುಧಾರಿಸಿಕೊಂಡಿತು.
ಒಳಗಿನ ಬಿಲ್ಲೆ ಬ್ಯಾಟರಿ ಸತ್ತಿದೆಯಲ್ಲ, ಅದರ ಲೆಕ್ಕದಲ್ಲಿ ಇವತ್ತು
ಎರಡು ಸಾವಿರದ ಒಂಬತ್ತು, ಜನವರಿ ಒಂದು, ಸೊನ್ನೆ ಗಂಟೆ.
ಅಮ್ಮ ಹಿಂದಿನಿಂದ ಬಗ್ಗಿ ನೋಡಿ
"ಆಗ ನಿನ್ನ ಜಡೆ ಉದ್ದವಿತ್ತು" ಎಂದಳು.
ದಿನಾಂಕ ತಿದ್ದಲು ಹೋದವಳು ಹಾಗೇ ಬಿಟ್ಟೆ.

ಬೆಳಿಗ್ಗೆ ಮಾದಯ್ಯನವರ ಮುಂದೆ ತಟ್ಟೆ ಇಟ್ಟೆ,
ಪಕ್ಕಕ್ಕೆ ಅರ್ಜಿ ಸರಿಸಿದೆ.
"ಮೆಲ್ಲಗೆ ಕಚ್ಚಿ, ಸರ್."
ಕರುಂ ಎಂದಿತು. ಉಸಿರು ಬಿಗಿಹಿಡಿದೆ.
ಅವರು ತಲೆದೂಗಿ, ಪೆನ್ನಿಗೆಂದು ಚಾಚಿದ ಕೈಯನ್ನು
ಇನ್ನೊಂದು ಕಿಡಿಯೊಕ್ಕೆ ಹಾಕಿದರು.
ತಟ್ಟೆಯಲ್ಲಿ ಇನ್ನು ಇಪ್ಪತ್ತಾರು ಉಳಿದಿವೆ.
ಎಣಿಸಿಯೇ ತಂದಿದ್ದೇನೆ.